ಮನೆಯ ಗಣಕಯಂತ್ರಕ್ಕೆ ಎರಡನೆಯ ಕೀಲಿಕೈ

ತಿಜೋರಿ ಕೊಳ್ಳುವ ಯಾವ ವರ್ತಕನೂ ಒಂದೇ ಕೀಲಿಕೈಯನ್ನು ಪಡೆದು ಮನೆಗೆ ಬರುವುದಿಲ್ಲ. ಎರಡನ್ನೂ ಎಣಿಸಿ ಪಡೆದು, ಒಂದನ್ನು ತನ್ನ ಬಳಿ ಇಟ್ಟುಕೊಂಡು, ಮತ್ತೊಂದನ್ನು ಬೇರೆ ಕಡೆ ಭದ್ರಪಡಿಸುತ್ತಾನೆ. ಎರಡನೆಯ ಕೀಲಿಕೈ ಎಲ್ಲಿದೆ ಎಂಬುದು ಮನೆಯ ಒಬ್ಬಿಬ್ಬರಿಗೆ ಮಾತ್ರ ತಿಳಿದಿರುತ್ತದೆ. ಇದು ಯಾರೂ ಕಲಿಸಬೇಕಾಗಿಲ್ಲದ, ತಲೆಮಾರುಗಳಿಂದ ಬಂದ ವ್ಯವಹಾರ ಜ್ಞಾನ.

ಆದರೆ ಅದೇ ವರ್ತಕನ ಕಿರ್ದಿ, ಖಾತೆ ಪುಸ್ತಕ, ದಾಸ್ತಾನು ವಿವರ, ಬಾಕಿ ವಸೂಲಿಯ ಪಟ್ಟಿ, ತೆರಿಗೆಯ ಕಡತಗಳು ಇಂದು ತಿಜೋರಿಯಲ್ಲಿಲ್ಲ, ಗಣಕಯಂತ್ರದಲ್ಲಿವೆ. ಸಣ್ಣ ವ್ಯಾಪಾರಿಗಳಲ್ಲಿ ಈ ಗಣಕಯಂತ್ರವು ಬಹುಪಾಲು ಮನೆಯದೇ ಆಗಿರುತ್ತದೆ. ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಮನೆ. ಮಧ್ಯಾಹ್ನ ಲೆಕ್ಕ ಬರೆಯುವವರು ಬಂದು ಕೂರುತ್ತಾರೆ, ಸಂಜೆ ಮಕ್ಕಳು ಪಾಠಕ್ಕೂ ಆಟಕ್ಕೂ ಅದನ್ನೇ ಬಳಸುತ್ತಾರೆ. ಈ ಯಂತ್ರಕ್ಕೆ ಇರುವುದು ಒಂದೇ ಕೀಲಿಕೈ. ಅದೂ ನಾಲ್ಕು ಜನರ ಕೈಯಲ್ಲಿ. ಕಳೆದುಹೋದರೆ ಬದಲಿ ಇಲ್ಲ. ದುರುಪಯೋಗವಾದರೆ ಯಾರು ಮಾಡಿದರೆಂದು ತಿಳಿಯುವ ದಾರಿಯೂ ಇಲ್ಲ.

ಈ ದ್ವಂದ್ವ ದೋಷಕ್ಕೆ ಪರಿಹಾರ ಕಠಿಣವಲ್ಲ. ದಿನನಿತ್ಯದ ಕೆಲಸವನ್ನು ಸೀಮಿತ ಅಧಿಕಾರದ ಖಾತೆಯಲ್ಲಿ ಮಾಡುವುದು. ಯಂತ್ರದ ಪೂರ್ಣಾಧಿಕಾರವುಳ್ಳ ಖಾತೆಯನ್ನು ಮಾಲೀಕನೇ ಇಟ್ಟುಕೊಳ್ಳುವುದು. ಅದೇ ಅಧಿಕಾರವುಳ್ಳ ಎರಡನೆಯ ಖಾತೆಯೊಂದನ್ನು ತೆರೆದು, ಮುದ್ರೆಯೊತ್ತಿದ ಲಕೋಟೆಯಲ್ಲಿ ಮೀಸಲಾಗಿ ಇರಿಸುವುದು. ಇದಕ್ಕೆ ಹಣ ಖರ್ಚಾಗುವುದಿಲ್ಲ. ಅರ್ಧ ದಿನವೂ ಬೇಕಾಗಿಲ್ಲ.

ಅಡ್ಮಿನಿಸ್ಟ್ರೇಟರ್ ಖಾತೆ ಎಂದರೇನು?

ಇಲ್ಲಿ ಖಾತೆ ಎಂದರೆ ಲೆಡ್ಜರಿನ ಖಾತೆಯಲ್ಲ, ಬ್ಯಾಂಕಿನ ಖಾತೆಯೂ ಅಲ್ಲ. ಗಣಕಯಂತ್ರವು ತನ್ನ ಮುಂದೆ ಕುಳಿತವರನ್ನು ಗುರುತಿಸಲು ಇಟ್ಟುಕೊಂಡಿರುವ ಹೆಸರು, ಪಾಸ್‌ವರ್ಡ್ ಮತ್ತು ಅಧಿಕಾರಗಳ ದಾಖಲೆಗೆ ಈ ಹೆಸರು. ವಿಂಡೋಸ್ ವ್ಯವಸ್ಥೆಯಲ್ಲಿ ಇವು ಮುಖ್ಯವಾಗಿ ಎರಡು ಬಗೆ. ಸ್ಟ್ಯಾಂಡರ್ಡ್ ಖಾತೆಯವರು ತಮ್ಮ ಕೆಲಸ ಮಾಡಬಹುದು, ತಮ್ಮ ಕಡತಗಳನ್ನು ತೆರೆಯಬಹುದು, ಮುದ್ರಿಸಬಹುದು. ಇಡೀ ಯಂತ್ರಕ್ಕೆ ಸಂಬಂಧಿಸಿದ ಬದಲಾವಣೆ ಮಾಡಲಾಗದು. ಅಡ್ಮಿನಿಸ್ಟ್ರೇಟರ್ ಖಾತೆಯವರು ಹೊಸ ತಂತ್ರಾಂಶ ಅಳವಡಿಸಬಹುದು, ಇತರರ ಖಾತೆಗಳನ್ನು ತೆರೆಯಬಹುದು ಅಥವಾ ಅಳಿಸಬಹುದು, ಸ್ಥಳೀಯ ಖಾತೆಗಳ ಪಾಸ್‌ವರ್ಡ್ ಬದಲಿಸಬಹುದು, ವೈರಸ್ ರಕ್ಷಣೆಯನ್ನು ನಿಲ್ಲಿಸಬಹುದು, ಇತರರ ಕಡತಗಳನ್ನೂ ನೋಡಬಹುದು. ಮೊದಲನೆಯದು ಗುಮಾಸ್ತನ ಅಧಿಕಾರ, ಎರಡನೆಯದು ಯಜಮಾನನದು.

ಈ ಭೇದವು ನಮ್ಮ ವರ್ತಕರ ಮನಸ್ಸಿನಲ್ಲಿ ನೆಲೆಯೂರದಿರಲು ಹಿಂದಿನ ಅನುಭವವೂ ಕಾರಣ. ವಿಂಡೋಸ್ 95 ಮತ್ತು 98ರ ಕಾಲದಲ್ಲಿ ಮನೆಯ ಯಂತ್ರವು ಪಾಸ್‌ವರ್ಡ್ ಕೇಳಿದರೂ, ಕ್ಯಾನ್ಸಲ್ ಒತ್ತಿದರೆ ಒಳಗೆ ಹೋಗಬಹುದಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಎರಡು ಬಗೆಯ ಖಾತೆಗಳಿದ್ದರೂ, ಅಳವಡಿಕೆಯ ಸಮಯದಲ್ಲಿ ತೆರೆದ ಖಾತೆಗಳೆಲ್ಲವೂ ಅಡ್ಮಿನಿಸ್ಟ್ರೇಟರ್ ಖಾತೆಗಳೇ ಆಗುತ್ತಿದ್ದವು. ಅದರ ಹೋಮ್ ಆವೃತ್ತಿಯಲ್ಲಿ 'ಅಡ್ಮಿನಿಸ್ಟ್ರೇಟರ್' ಎಂಬ ಹೆಸರಿನ ಮರೆಯ ಖಾತೆಯೊಂದು ಪಾಸ್‌ವರ್ಡ್ ಇಲ್ಲದೆಯೇ ಇರುತ್ತಿತ್ತು. ಸೇಫ್ ಮೋಡ್ ಮೂಲಕ ಅದನ್ನು ತೆರೆಯಬಹುದಾಗಿತ್ತು. ದುರಸ್ತಿ ಮಾಡುವವರು ಎಷ್ಟೋ ಯಂತ್ರಗಳನ್ನು ಈ ಹಿಂಬಾಗಿಲಿನಿಂದಲೇ ತೆರೆದುಕೊಟ್ಟರು.

ಆ ಹಿಂಬಾಗಿಲು ಇಂದಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಆ ಮರೆಯ ಖಾತೆಯನ್ನು ನಿಷ್ಕ್ರಿಯವಾಗಿಯೇ ಇಡಲಾಗುತ್ತಿದೆ. ಆದ್ದರಿಂದ 'ಒಳಗೆ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ಹೇಗೂ ಇದ್ದೇ ಇರುತ್ತದೆ' ಎಂಬ ನಂಬಿಕೆ ಹಳೆಯದು. ಈಗ ಎರಡನೆಯ ಕೀಲಿಕೈ ಬೇಕೆಂದರೆ ಮಾಲೀಕನೇ ಅದನ್ನು ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಬೇಕು. ಬಾಗಿಲು ಮುಚ್ಚಿಕೊಂಡ ಮೇಲೆ ಮಾಡಿಸಲಾಗದು.

ಒಂದೇ ಕೀಲಿಕೈ ಕೈತಪ್ಪುವ ಬಗೆಗಳು

ಪಾಸ್‌ವರ್ಡ್ ಮರೆಯುವುದು ಎಲ್ಲರಿಗೂ ತಿಳಿದ ಕಾರಣ. ಆದರೆ ವ್ಯಾಪಾರದಲ್ಲಿ ಹೆಚ್ಚು ತೊಂದರೆ ಕೊಡುವ ಕಾರಣಗಳು ಬೇರೆ ಇವೆ.

ಮೊದಲನೆಯದು, ಖಾತೆಯ ಕಡತಗಳೇ ಕೆಡುವುದು. ವಿದ್ಯುತ್ ಹಠಾತ್ತನೆ ಹೋದಾಗ, ಡಿಸ್ಕ್‌ನಲ್ಲಿ ದೋಷ ಬಂದಾಗ, ಪಾಸ್‌ವರ್ಡ್ ಸರಿಯಿದ್ದರೂ ಆ ಖಾತೆ ತೆರೆಯದೇ ಹೋಗಬಹುದು. ಆಗ ಬೇರೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಹೊಕ್ಕು ಕಡತಗಳನ್ನು ಹೊರತೆಗೆದು, ಹೊಸ ಖಾತೆ ತೆರೆದುಕೊಳ್ಳಬಹುದು.

ಎರಡನೆಯದು, ಖಾತೆಯು ಬೇರೊಬ್ಬರ ಇ-ಮೇಲ್ ವಿಳಾಸಕ್ಕೆ ಜೋಡಣೆಯಾಗಿರುವುದು. ವಿಂಡೋಸ್ 11ರ ಹೋಮ್ ಆವೃತ್ತಿಯನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಅಂತರ್ಜಾಲ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳಲಾಗುತ್ತದೆ. ಅಂದು ಯಂತ್ರ ಜೋಡಿಸಿಕೊಟ್ಟವರು ತಮ್ಮದೇ ವಿಳಾಸ ಕೊಟ್ಟಿರಬಹುದು. ಲೆಕ್ಕ ಬರೆಯುವವರು ತಮ್ಮ ಮೊಬೈಲ್ ಸಂಖ್ಯೆ ಕೊಟ್ಟಿರಬಹುದು. ಯಂತ್ರದ ಬೆಲೆ ಕೊಟ್ಟವರು ಒಬ್ಬರು. ಅದರ ಯಜಮಾನಿಕೆ ಮತ್ತೊಬ್ಬರ ಹೆಸರಿನಲ್ಲಿ. ಅವರು ಸಂಖ್ಯೆ ಬದಲಿಸಿದ ದಿನ ಅಥವಾ ಕೆಲಸ ಬಿಟ್ಟ ದಿನ ಇದು ಬೆಳಕಿಗೆ ಬರುತ್ತದೆ.

ಮೂರನೆಯದು, ಕೀಲಿಕೈ ಹಿಡಿದವರೇ ಇಲ್ಲವಾಗುವುದು. ಮಾಲೀಕರು ಅನಾರೋಗ್ಯದಿಂದ ಆಸ್ಪತ್ರೆಯಲ್ಲಿರಬಹುದು, ಅಥವಾ ಕಾಲವಾಗಿರಬಹುದು. ಪಾಸ್‌ವರ್ಡ್ ಅವರ ನೆನಪಿನಲ್ಲಿ ಮಾತ್ರ ಇದ್ದರೆ, ಕುಟುಂಬದವರಿಗೆ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೇ ತಿಳಿಯದು. ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 93ನೆಯ ಪ್ರಕರಣದಂತೆ, ಮೃತರ ವ್ಯಾಪಾರವನ್ನು ವಾರಸುದಾರರು ಮುಂದುವರಿಸಿದರೆ ಬಾಕಿ ತೆರಿಗೆ, ಬಡ್ಡಿ ಮತ್ತು ದಂಡದ ಹೊಣೆ ಅವರ ಮೇಲೆ ಬರುತ್ತದೆ. ಹೊಣೆ ಬಂದಿರುತ್ತದೆ, ಲೆಕ್ಕ ಮಾತ್ರ ಕೈಗೆ ಸಿಗುವುದಿಲ್ಲ.

ಒಂದು ಉದಾಹರಣೆಯ ಲೆಕ್ಕ

ಬೇಳೆಕಾಳಿನ ಸಗಟು ವ್ಯಾಪಾರಿಯೊಬ್ಬರ ಯಂತ್ರವು ತಿಂಗಳ 10ನೆಯ ತಾರೀಖು ತೆರೆಯದೇ ಹೋಯಿತೆಂದು ಇಟ್ಟುಕೊಳ್ಳೋಣ. ಅವರು ಮಾಸಿಕ ರಿಟರ್ನ್ ಸಲ್ಲಿಸುವವರು. ಜಿ.ಎಸ್.ಟಿ. ಜಾಲತಾಣವನ್ನು ಬೇರೆ ಯಂತ್ರದಿಂದಲೂ ತೆರೆಯಬಹುದು ನಿಜ. ಆದರೆ ಅದರಲ್ಲಿ ತುಂಬಬೇಕಾದ ಬಿಲ್ಲುಗಳ ವಿವರ ಬೀಗ ಬಿದ್ದ ಯಂತ್ರದೊಳಗಿದೆ.

ಮಾರಾಟದ ವಿವರವುಳ್ಳ ಜಿ.ಎಸ್.ಟಿ.ಆರ್-1 ಸಲ್ಲಿಸಲು 11ನೆಯ ತಾರೀಖು ಕಡೆಯ ದಿನ. ಖರೀದಿದಾರರ ಜಿ.ಎಸ್.ಟಿ.ಆರ್-2ಬಿ ಪಟ್ಟಿ 14ರಂದು ಸಿದ್ಧವಾಗುತ್ತದೆ. 11ರೊಳಗೆ ಸಲ್ಲಿಸದ ಬಿಲ್ಲುಗಳು ಆ ತಿಂಗಳ ಪಟ್ಟಿಯಲ್ಲಿ ಬರುವುದಿಲ್ಲ. ಬಾರದಿದ್ದರೆ ಖರೀದಿದಾರರಿಗೆ ಆ ತಿಂಗಳು ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಬಳಿಕ 20ನೆಯ ತಾರೀಖು ಜಿ.ಎಸ್.ಟಿ.ಆರ್-3ಬಿ ಸಲ್ಲಿಕೆಯ ಗಡುವು. ನಗದಾಗಿ ಕಟ್ಟಬೇಕಾದ ತೆರಿಗೆ 2 ಲಕ್ಷ ರೂಪಾಯಿ, ವಿಳಂಬ 10 ದಿನ ಎಂದಾದರೆ, ವಾರ್ಷಿಕ ಶೇ. 18ರ ದರದಲ್ಲಿ ಬಡ್ಡಿ ಸುಮಾರು 986 ರೂಪಾಯಿ. ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ 500 ರೂಪಾಯಿ.

ಒಟ್ಟು 1,500 ರೂಪಾಯಿಯ ಒಳಗಿನ ಈ ಮೊತ್ತ ಯಾರನ್ನೂ ಮುಳುಗಿಸದು. ನಿಜವಾದ ನಷ್ಟ ಬೇರೆ ಕಡೆ ಇದೆ. ತನಗೆ ಜಮೆ ಬಾರದ ಖರೀದಿದಾರ ಬಿಲ್ಲಿನ ಹಣ ತಡೆಹಿಡಿಯುತ್ತಾನೆ. ಎರಡನೆಯ ಬಾರಿ ಹೀಗಾದರೆ ಬೇರೆ ಅಂಗಡಿ ಹುಡುಕುತ್ತಾನೆ. ವರ್ಷಗಟ್ಟಲೆ ಗಳಿಸಿದ ಪತ್ತು ಒಂದು ಪಾಸ್‌ವರ್ಡ್ ಕಾರಣದಿಂದ ಸಡಿಲವಾಗುತ್ತದೆ.

ಕಾನೂನಿನ ಅಪೇಕ್ಷೆ

ಲೆಕ್ಕವನ್ನು ಗಣಕಯಂತ್ರದಲ್ಲಿ ಇಡಲು ಕಾನೂನು ಅವಕಾಶ ಕೊಟ್ಟಿದೆ. ಜೊತೆಗೆ ಕೆಲವು ಕರ್ತವ್ಯಗಳನ್ನೂ ವಿಧಿಸಿದೆ. ಕೇಂದ್ರ ಜಿ.ಎಸ್.ಟಿ. ನಿಯಮಗಳು, 2017ರ 57ನೆಯ ನಿಯಮವು ಮೂರು ಸಂಗತಿಗಳನ್ನು ಹೇಳುತ್ತದೆ. ಅಪಘಾತ ಅಥವಾ ಪ್ರಾಕೃತಿಕ ಕಾರಣಗಳಿಂದ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ಅದರ ಪ್ರತಿ ಇರಬೇಕು. ಕೇಳಿದಾಗ ದಾಖಲೆಗಳನ್ನು ದೃಢೀಕರಿಸಿ ಹಾಜರುಪಡಿಸಬೇಕು. ಕಡತಗಳ ವಿವರ, ಅವುಗಳ ಪಾಸ್‌ವರ್ಡ್ ಮತ್ತು ಬಳಸಿದ ಸಂಕೇತಗಳ ವಿವರಣೆಯನ್ನು ಕೇಳಿದಾಗ ಒದಗಿಸಬೇಕು. 'ಪಾಸ್‌ವರ್ಡ್ ಗುಮಾಸ್ತರಿಗೆ ಮಾತ್ರ ಗೊತ್ತಿತ್ತು, ಅವರು ಈಗ ಊರಲ್ಲಿಲ್ಲ' ಎಂಬ ಉತ್ತರಕ್ಕೆ ಈ ನಿಯಮದಲ್ಲಿ ಸ್ಥಾನವಿಲ್ಲ.

56ನೆಯ ನಿಯಮದಂತೆ, ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯೂ ಇರಬೇಕು. ಕಂಪನಿಯಾಗಿ ನೋಂದಣಿಯಾದವರಿಗೆ 2023ರ ಏಪ್ರಿಲ್ 1ರಿಂದ ಇಂಥ ಬದಲಾವಣೆಗಳ ಜಾಡು ದಾಖಲಿಸುವ ಲೆಕ್ಕ ತಂತ್ರಾಂಶವೇ ಕಡ್ಡಾಯವಾಗಿದೆ. ನಾಲ್ಕು ಜನ ಒಂದೇ ಖಾತೆ, ಒಂದೇ ಪಾಸ್‌ವರ್ಡ್ ಬಳಸುವಲ್ಲಿ ಜಾಡು ಉಳಿದರೂ, ಅದು ಯಾರ ಹೆಜ್ಜೆ ಎಂದು ಹೇಳಲಾಗುವುದಿಲ್ಲ.

ಅವಧಿಯೂ ಚಿಕ್ಕದಲ್ಲ. ಜಿ.ಎಸ್.ಟಿ. ಅಧಿನಿಯಮದ 36ನೆಯ ಪ್ರಕರಣದಂತೆ, ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. 2023-24ನೆಯ ಸಾಲಿನ ಗಡುವು 2024ರ ಡಿಸೆಂಬರ್ 31 ಆಗಿದ್ದರಿಂದ, ಆ ಸಾಲಿನ ಲೆಕ್ಕ 2030ರ ಡಿಸೆಂಬರ್ ಅಂತ್ಯದವರೆಗೆ ತೆರೆಯುವ ಸ್ಥಿತಿಯಲ್ಲಿರಬೇಕು. ಅಷ್ಟರಲ್ಲಿ ಯಂತ್ರ ಬದಲಾಗಿರುತ್ತದೆ, ಲೆಕ್ಕ ಬರೆಯುವವರು ಬದಲಾಗಿರುತ್ತಾರೆ. ಬದಲಾಗದೆ ಇರಬೇಕಾದದ್ದು ಕೀಲಿಕೈಯ ವ್ಯವಸ್ಥೆ.

ಮೂರು ಅಂತಸ್ತಿನ ವ್ಯವಸ್ಥೆ

1. ದಿನಬಳಕೆಯ ಖಾತೆಗಳು. ಲೆಕ್ಕ ಬರೆಯುವವರಿಗೊಂದು, ಮಾಲೀಕರಿಗೊಂದು, ಮನೆಯ ಮಕ್ಕಳಿಗೊಂದು. ಎಲ್ಲವೂ ಸ್ಟ್ಯಾಂಡರ್ಡ್ ಖಾತೆಗಳೇ. ಮಾಲೀಕರೂ ದಿನದ ಕೆಲಸವನ್ನು ಸ್ಟ್ಯಾಂಡರ್ಡ್ ಖಾತೆಯಲ್ಲೇ ಮಾಡುವುದು ಕ್ಷೇಮ.

2. ಕಾರ್ಯನಿರತ ಅಡ್ಮಿನಿಸ್ಟ್ರೇಟರ್ ಖಾತೆ. ತಂತ್ರಾಂಶ ಅಳವಡಿಸುವಾಗ, ಮುದ್ರಣಯಂತ್ರ ಜೋಡಿಸುವಾಗ ಮಾತ್ರ ಬಳಸತಕ್ಕದ್ದು. ಇದರ ಪಾಸ್‌ವರ್ಡ್ ಮಾಲೀಕರಿಗೆ ಮಾತ್ರ ತಿಳಿದಿರಬೇಕು.

3. ಮೀಸಲು ಅಡ್ಮಿನಿಸ್ಟ್ರೇಟರ್ ಖಾತೆ. ಯಾವ ಕೆಲಸಕ್ಕೂ ಬಳಸುವಂತಿಲ್ಲ. ಎರಡನೆಯದು ಕೈಕೊಟ್ಟಾಗ ಮಾತ್ರ ತೆರೆಯತಕ್ಕದ್ದು. ಇದು ಅಂತರ್ಜಾಲದ ಯಾವ ವಿಳಾಸಕ್ಕೂ ಜೋಡಣೆಯಾಗದ ಸ್ಥಳೀಯ ಖಾತೆಯಾಗಿರಬೇಕು.

ಅಡ್ಮಿನಿಸ್ಟ್ರೇಟರ್ ಖಾತೆಗಳು ಎರಡಕ್ಕಿಂತ ಹೆಚ್ಚಿರಬಾರದು. ಕೀಲಿಕೈ ಹೆಚ್ಚಾದಷ್ಟೂ ಕಳ್ಳನಿಗೆ ಅನುಕೂಲ. ಮೀಸಲು ಖಾತೆಯ ಪಾಸ್‌ವರ್ಡ್ ದುರ್ಬಲವಾಗಿದ್ದರೆ, ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿತ್ತಲ ಬಾಗಿಲಿಗೆ ಚಿಲಕ ಮಾತ್ರ ಹಾಕಿದಂತಾಗುತ್ತದೆ.

ಖಾತೆ ತೆರೆಯುವ ಕ್ರಮ

ಮೊದಲಿಗೆ ಲೆಕ್ಕದ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡಬೇಕು. ನಂತರ ಈಗಿರುವ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರವೇಶಿಸಿ 'ಸೆಟ್ಟಿಂಗ್ಸ್', ಅದರಲ್ಲಿ 'ಅಕೌಂಟ್ಸ್', ಅದರಲ್ಲಿ 'ಅದರ್ ಯೂಸರ್ಸ್' ತೆರೆದು, ಹೊಸ ಖಾತೆ ಸೇರಿಸುವ ಗುಂಡಿ ಒತ್ತಬೇಕು. ಇ-ಮೇಲ್ ವಿಳಾಸ ಕೇಳಿದಾಗ, ಆ ವ್ಯಕ್ತಿಯ ವಿವರ ತಮ್ಮ ಬಳಿ ಇಲ್ಲ ಎಂಬ ಸಾಲನ್ನೂ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರನನ್ನು ಸೇರಿಸುವ ಸಾಲನ್ನೂ ಆಯ್ದುಕೊಳ್ಳಬೇಕು. ಆಗ ಹೆಸರು, ಪಾಸ್‌ವರ್ಡ್ ಮತ್ತು ಮೂರು ಭದ್ರತಾ ಪ್ರಶ್ನೆಗಳ ಉತ್ತರ ಕೇಳಲಾಗುತ್ತದೆ.

ಈ ಪ್ರಶ್ನೆಗಳ ಬಗ್ಗೆ ಎಚ್ಚರ ಅಗತ್ಯ. ಪಾಸ್‌ವರ್ಡ್ ಮರೆತಾಗ ಈ ಉತ್ತರಗಳೇ ಕೀಲಿಕೈಯಾಗುತ್ತವೆ. ಹುಟ್ಟಿದ ಊರು, ಓದಿದ ಶಾಲೆ ಮುಂತಾದವು ನೆಂಟರಿಗೂ ಅಂಗಡಿಯ ಹುಡುಗರಿಗೂ ತಿಳಿದಿರುತ್ತವೆ. ಉತ್ತರ ನಿಜವಾಗಿರಬೇಕೆಂಬ ನಿಯಮವಿಲ್ಲ. ಪಾಸ್‌ವರ್ಡಿನಂತೆಯೇ ಊಹಿಸಲಾಗದ ಪದಗಳನ್ನು ಕೊಟ್ಟು, ಅವನ್ನೂ ಬರೆದಿಡುವುದು ಯುಕ್ತ.

ಹೊಸ ಖಾತೆಯು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಖಾತೆಯಾಗಿಯೇ ಹುಟ್ಟುತ್ತದೆ. ಅದರ ಹೆಸರಿನ ಮೇಲೆ ಒತ್ತಿ, ಖಾತೆಯ ಬಗೆ ಬದಲಿಸುವ ಆಯ್ಕೆಯಲ್ಲಿ 'ಅಡ್ಮಿನಿಸ್ಟ್ರೇಟರ್' ಎಂದು ಮಾಡಬೇಕು. ಬಳಿಕ ಹಳೆಯ ಖಾತೆಯಿಂದ ಹೊರಬಂದು, ಹೊಸ ಖಾತೆಯಿಂದ ಒಮ್ಮೆ ಪ್ರವೇಶಿಸಿ, ಅದು ತೆರೆಯುತ್ತದೆಂದೂ ಅದಕ್ಕೆ ಪೂರ್ಣಾಧಿಕಾರ ಬಂದಿದೆಯೆಂದೂ ಪರೀಕ್ಷಿಸಬೇಕು. ಕಾರ್ಯನಿರತ ಖಾತೆ ಮತ್ತು ಮೀಸಲು ಖಾತೆ ಎರಡನ್ನೂ ಹೀಗೆ ಪರೀಕ್ಷಿಸಿದ ನಂತರವೇ ದಿನಬಳಕೆಯ ಖಾತೆಯನ್ನು ಸ್ಟ್ಯಾಂಡರ್ಡ್ ಆಗಿ ಇಳಿಸಬೇಕು. ಈ ಅನುಕ್ರಮ ಮುಖ್ಯ. ಹೊಸ ಕೀಲಿಕೈ ಬೀಗಕ್ಕೆ ಹೊಂದುತ್ತದೆಯೇ ಎಂದು ನೋಡದೆ ಹಳೆಯದನ್ನು ಯಾರೂ ಎಸೆಯುವುದಿಲ್ಲ.

ಇನ್ನು ಮುಂದೆ ತಂತ್ರಾಂಶವೊಂದು ಯಂತ್ರದಲ್ಲಿ ನೆಲೆಯೂರಲು ಯತ್ನಿಸಿದಾಗ ಪರದೆಯ ಮೇಲೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುವ ಚೌಕ ಬರುತ್ತದೆ. ಮೊದಮೊದಲು ಇದು ಕಿರಿಕಿರಿ ಎನಿಸಬಹುದು. ಆದರೆ ಲೆಕ್ಕ ಬರೆಯುವವರು 'ಇದೇನೋ ಕೇಳುತ್ತಿದೆ' ಎಂದು ಮಾಲೀಕರನ್ನು ಕರೆಯುವ ಆ ಕ್ಷಣವೇ ಈ ವ್ಯವಸ್ಥೆಯ ಲಾಭ. ಬಿಲ್ಲಿನ ಸೋಗಿನಲ್ಲಿ ಇ-ಮೇಲ್‌ನಲ್ಲಿ ಬಂದ ಕಡತವು ಪಾಸ್‌ವರ್ಡ್ ಕೇಳಿದರೆ, ಅದು ಬಿಲ್ಲಲ್ಲ ಎಂದು ತಿಳಿಯಬೇಕು. ಕೆಲವು ಹಳೆಯ ಲೆಕ್ಕ ತಂತ್ರಾಂಶಗಳು ಸ್ಟ್ಯಾಂಡರ್ಡ್ ಖಾತೆಯಲ್ಲಿ ತಕರಾರು ಮಾಡಬಹುದು. ಆಗ ಖಾತೆಯ ಅಧಿಕಾರ ಹೆಚ್ಚಿಸುವ ಬದಲು, ಆ ತಂತ್ರಾಂಶದ ದತ್ತಾಂಶವಿರುವ ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಡಿಸುವಂತೆ ಸರಬರಾಜುದಾರರನ್ನು ಕೇಳಬೇಕು.

ಮೀಸಲು ಖಾತೆ ತೆರೆಯದ ಬೀಗಗಳು

ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆ ಎಲ್ಲ ರೋಗಕ್ಕೂ ಮದ್ದಲ್ಲ. ಅದರ ಮಿತಿಗಳನ್ನು ಅರಿಯದಿದ್ದರೆ ಸುಳ್ಳು ಧೈರ್ಯ ಬರುತ್ತದೆ.

ಡಿಸ್ಕ್‌ನ ಗೂಢಲಿಪೀಕರಣ ಮೊದಲನೆಯ ಮಿತಿ. ಈಚಿನ ಯಂತ್ರಗಳಲ್ಲಿ ಡಿಸ್ಕ್‌ನ ಮಾಹಿತಿಯೆಲ್ಲವೂ ಗೂಢಲಿಪಿಯಲ್ಲಿ ಇರುವ ಸಂಭವ ಹೆಚ್ಚು. ಹೋಮ್ ಆವೃತ್ತಿಯಲ್ಲೂ ಮಾಲೀಕರಿಗೆ ತಿಳಿಯದಂತೆಯೇ ಇದು ಆರಂಭವಾಗಿರಬಹುದು. ಯಂತ್ರದ ಮುಖ್ಯ ಬೋರ್ಡು ಬದಲಾದಾಗ ಅಥವಾ ಅದರ ಮೂಲ ತಂತ್ರಾಂಶ ನವೀಕರಣಗೊಂಡಾಗ, ಖಾತೆಗಳ ಪರದೆ ಬರುವುದಕ್ಕೂ ಮೊದಲೇ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಎಷ್ಟು ಖಾತೆಗಳಿದ್ದರೂ ಪ್ರಯೋಜನವಿಲ್ಲ. ಈ ಕೀ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದು ಯಾರ ಖಾತೆ ಎಂದು ಇಂದೇ ವಿಚಾರಿಸಿ, ಅಂಕಿಗಳನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

ಪಾಸ್‌ವರ್ಡ್ ಬಲವಂತವಾಗಿ ಬದಲಿಸುವುದರ ಪರಿಣಾಮ ಎರಡನೆಯದು. ಮೀಸಲು ಖಾತೆಯಿಂದ ಬೇರೊಂದು ಸ್ಥಳೀಯ ಖಾತೆಯ ಪಾಸ್‌ವರ್ಡ್ ಬದಲಿಸಿದರೆ, ಆ ಖಾತೆಯಲ್ಲಿ ಉಳಿಸಿಟ್ಟ ಜಾಲತಾಣಗಳ ಪಾಸ್‌ವರ್ಡ್‌ಗಳು ಮತ್ತು ವಿಂಡೋಸ್ ಮೂಲಕ ಗೂಢಲಿಪಿಗೊಳಿಸಿದ ಕಡತಗಳು ಕೈತಪ್ಪಬಹುದು. ಸಾಮಾನ್ಯ ಕಡತಗಳಿಗೆ ತೊಂದರೆಯಿಲ್ಲ. ಯು.ಎಸ್.ಬಿ. ಟೋಕನ್‌ನಲ್ಲಿರುವ ಡಿಜಿಟಲ್ ಸಹಿಗೂ ಬಾಧೆಯಿಲ್ಲ. ಅದರ ಕೀ ಟೋಕನ್ನಿನೊಳಗೇ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಮಾತ್ರ ಮತ್ತೊಂದು ಖಾತೆಯಿಂದ ಬದಲಿಸಲಾಗದು. ಆದರೆ ಆ ಬಳಕೆದಾರನ ಕಡತಗಳನ್ನು ಮೀಸಲು ಖಾತೆಯಿಂದ ನಕಲು ಮಾಡಿಕೊಳ್ಳಬಹುದು.

ಲೆಕ್ಕ ತಂತ್ರಾಂಶದ ಒಳಬೀಗ ಮೂರನೆಯದು. ಟ್ಯಾಲಿಯಂಥ ತಂತ್ರಾಂಶಗಳಿಗೆ ಅವುಗಳದೇ ಅಡ್ಮಿನಿಸ್ಟ್ರೇಟರ್ ಮತ್ತು ಪಾಸ್‌ವರ್ಡ್ ಇರುತ್ತವೆ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ. ವಿಂಡೋಸಿನ ಮೀಸಲು ಖಾತೆ ಆ ಬೀಗವನ್ನು ತೆರೆಯಲಾರದು.

ನಾಲ್ಕನೆಯದಾಗಿ, ಮೀಸಲು ಖಾತೆಯು ದತ್ತಾಂಶದ ಪ್ರತಿಯಲ್ಲ. ಎರಡಕ್ಕೂ ಬ್ಯಾಕಪ್ ಎಂಬ ಪದವನ್ನೇ ಬಳಸುವುದರಿಂದ ಗೊಂದಲವಾಗುತ್ತದೆ. ಡಿಸ್ಕ್ ಸುಟ್ಟರೆ ಖಾತೆಗಳೆರಡೂ ಅದರೊಂದಿಗೇ ಹೋಗುತ್ತವೆ. ಸ್ಟ್ಯಾಂಡರ್ಡ್ ಖಾತೆಯು ಕೆಡುಕು ತಂತ್ರಾಂಶದ ಕೈಕಾಲು ಕಟ್ಟುತ್ತದೆ ನಿಜ. ಆದರೂ ಆ ಖಾತೆಯವರು ತಿದ್ದಬಹುದಾದ ಕಡತಗಳನ್ನು ಅದು ಹಾಳುಮಾಡಬಲ್ಲದು. ಆದ್ದರಿಂದ ಹೊರ ಡಿಸ್ಕ್‌ನಲ್ಲಿ ಪ್ರತಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಇಡುವ ಅಭ್ಯಾಸ ಮುಂದುವರಿಯಲೇಬೇಕು.

ಲಕೋಟೆಯ ಶಿಸ್ತು

ಖಾತೆ ತೆರೆಯುವುದು ಸುಲಭ. ಕಾಪಾಡುವುದರಲ್ಲಿ ಹಲವರು ಎಡವುತ್ತಾರೆ. ಮೀಸಲು ಖಾತೆಯ ಹೆಸರು, ಪಾಸ್‌ವರ್ಡ್, ಭದ್ರತಾ ಪ್ರಶ್ನೆಗಳ ಉತ್ತರ, 48 ಅಂಕಿಗಳ ರಿಕವರಿ ಕೀ, ಲೆಕ್ಕ ತಂತ್ರಾಂಶದ ಪಾಸ್‌ವರ್ಡ್, ಇವಿಷ್ಟನ್ನೂ ಕೈಬರಹದಲ್ಲಿ ಒಂದು ಹಾಳೆಗೆ ಬರೆಯಬೇಕು. ಹಾಳೆಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ದಿನಾಂಕ ಹಾಕಬೇಕು. ಅದನ್ನು ತಿಜೋರಿಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಿಸಿ, ಎಲ್ಲಿದೆ ಎಂಬುದನ್ನು ಪತ್ನಿ, ಮಗ, ಮಗಳು ಅಥವಾ ಪಾಲುದಾರರಲ್ಲಿ ಒಬ್ಬರಿಗೆ ತಿಳಿಸಬೇಕು. ಲಾಕರ್ ಮಾಲೀಕರೊಬ್ಬರ ಹೆಸರಿನಲ್ಲೇ ಇದ್ದರೆ ತುರ್ತಿನಲ್ಲಿ ಬೇರೆಯವರು ತೆರೆಯಲಾಗದು ಎಂಬುದನ್ನೂ ಗಮನಿಸಬೇಕು.

ಈ ಹಾಳೆಯ ಛಾಯಾಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದು, ಕೀಲಿಮಣೆಯ ಅಡಿ ಚೀಟಿ ಅಂಟಿಸುವುದು, ಲೆಕ್ಕ ಬರೆಯುವವರ ವಶಕ್ಕೆ ಕೊಡುವುದು, ಇವೆಲ್ಲ ವ್ಯವಸ್ಥೆಯ ಉದ್ದೇಶವನ್ನೇ ಕೆಡಿಸುತ್ತವೆ. ಲೆಕ್ಕ ಪರಿಶೋಧಕರ ಬಳಿ ಇಡುವುದೂ ಸಲ್ಲದು. ಲೆಕ್ಕ ಪರೀಕ್ಷಿಸುವವರೇ ಲೆಕ್ಕದ ಕೀಲಿಕೈ ಹಿಡಿದಿರುವುದು ಅವರಿಗೂ ಕಕ್ಷಿದಾರರಿಗೂ ಶ್ರೇಯಸ್ಕರವಲ್ಲ.

ಲಕೋಟೆ ಒಡೆದ ದಿನಾಂಕ, ಒಡೆದವರ ಹೆಸರು, ಕಾರಣ, ಈ ಮೂರನ್ನು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು. ಕೆಲಸ ಮುಗಿದೊಡನೆ ಹೊಸ ಪಾಸ್‌ವರ್ಡ್ ಹಾಕಿ ಹೊಸ ಲಕೋಟೆ ಮಾಡಬೇಕು. ವರ್ಷಕ್ಕೆ ಎರಡು ಬಾರಿ, ಹೊಸ ಆರ್ಥಿಕ ವರ್ಷದ ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್‌ನಲ್ಲಿ, ಖಾತೆ ತೆರೆಯುತ್ತದೆಯೇ ಎಂದು ನೋಡಿ, ಅಡ್ಮಿನಿಸ್ಟ್ರೇಟರ್ ಖಾತೆಗಳ ಪಟ್ಟಿಯಲ್ಲಿ ಅಪರಿಚಿತ ಹೆಸರು ಸೇರಿದೆಯೇ ಎಂದೂ ಪರಿಶೀಲಿಸಬೇಕು.

ಕೆಲಸದವರು ಬಿಟ್ಟು ಹೋಗುವಾಗ

ಲೆಕ್ಕ ಬರೆಯುವವರು ಕೆಲಸ ಬಿಡುವ ದಿನ ಹಣದ ಪೆಟ್ಟಿಗೆಯ ಕೀ ಹಿಂಪಡೆಯುವಂತೆ ಗಣಕಯಂತ್ರದ ಪ್ರವೇಶವನ್ನೂ ಹಿಂಪಡೆಯಬೇಕು. ಅವರ ಸ್ಟ್ಯಾಂಡರ್ಡ್ ಖಾತೆಯ ಕಡತಗಳನ್ನು ನಕಲು ಮಾಡಿಕೊಂಡು ಖಾತೆಯನ್ನು ಮುಚ್ಚಬೇಕು, ದೂರದಿಂದ ಯಂತ್ರ ನಡೆಸುವ ತಂತ್ರಾಂಶವನ್ನು ತೆಗೆಯಬೇಕು ಅಥವಾ ಪಾಸ್‌ವರ್ಡ್ ಬದಲಿಸಬೇಕು, ಜಿ.ಎಸ್.ಟಿ., ಆದಾಯ ತೆರಿಗೆ ಮತ್ತು ಬ್ಯಾಂಕಿನ ಜಾಲತಾಣಗಳಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆ ಮಾಲೀಕರದೇ ಎಂದು ಖಚಿತಪಡಿಸಿಕೊಳ್ಳಬೇಕು. ಇದು ಅಪನಂಬಿಕೆಯ ಮಾತಲ್ಲ. ಪ್ರತಿಯೊಬ್ಬರಿಗೂ ಬೇರೆ ಖಾತೆಯಿದ್ದಲ್ಲಿ ಪ್ರಾಮಾಣಿಕನಾದ ನೌಕರನ ಮೇಲೆ ವೃಥಾ ಸಂದೇಹ ಬರುವುದಿಲ್ಲ. ಮಾಲೀಕನ ಅನುಮತಿಯಿಲ್ಲದೆ ಗಣಕಯಂತ್ರ ಪ್ರವೇಶಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 43 ಮತ್ತು 66ನೆಯ ಪ್ರಕರಣಗಳು ಅನ್ವಯಿಸುತ್ತವೆ. ಆದರೆ ಅನುಮತಿ ಎಂದು ಮುಗಿಯಿತು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಆ ರಕ್ಷಣೆ ಪಡೆಯುವುದು ಕಷ್ಟ.

ದುರಸ್ತಿಯವರನ್ನೇ ನಂಬಿದರೆ

'ಇಷ್ಟೆಲ್ಲ ಏಕೆ? ಬೀಗ ಬಿದ್ದರೆ ದುರಸ್ತಿ ಮಾಡುವವರು ತೆಗೆದುಕೊಡುತ್ತಾರೆ' ಎಂಬ ವಾದವಿದೆ. ಡಿಸ್ಕ್ ಗೂಢಲಿಪಿಯಲ್ಲಿ ಇಲ್ಲದಿದ್ದರೆ ಅವರು ತೆಗೆಯಬಲ್ಲರು. ಅವರು ತೆಗೆಯಬಲ್ಲ ಯಂತ್ರವನ್ನು ಕದ್ದವನೂ ತೆಗೆಯಬಲ್ಲ. ಗೂಢಲಿಪಿಯಲ್ಲಿ ಇದ್ದು ರಿಕವರಿ ಕೀ ಇಲ್ಲದಿದ್ದರೆ ಅವರಿಗೆ ಉಳಿಯುವ ಉಪಾಯ ಒಂದೇ: ಡಿಸ್ಕನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಯಂತ್ರ ನಡೆಯುತ್ತದೆ, ಲೆಕ್ಕ ಇರುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇದರಿಂದ ಹೊಸ ಯಂತ್ರ ಕೊಳ್ಳಬೇಕಾದ ವರ್ತಕರಿಗೆ ಇದೊಂದು ಅವಕಾಶ. ಹೊಸ ಯಂತ್ರವನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಮಾಲೀಕರು ಎದುರಿಗೇ ಕುಳಿತು ತಮ್ಮದೇ ವಿಳಾಸ, ತಮ್ಮದೇ ಮೊಬೈಲ್ ಸಂಖ್ಯೆ ಕೊಡಬೇಕು. ಅದೇ ದಿನ ಮೀಸಲು ಖಾತೆ ತೆರೆಯಬೇಕು. ರಿಕವರಿ ಕೀ ಮುದ್ರಿಸಿಕೊಳ್ಳಬೇಕು. ಹಳೆಯ ಯಂತ್ರವನ್ನೇ ಮುಂದುವರಿಸುವವರಿಗೆ ಸೂಕ್ತ ದಿನವೆಂದರೆ ತಿಂಗಳ 21ನೆಯ ತಾರೀಖು. ಅಂದು ಹಿಂದಿನ ತಿಂಗಳ ರಿಟರ್ನ್ ಸಲ್ಲಿಕೆಯಾಗಿರುತ್ತದೆ, ಮುಂದಿನ ಗಡುವಿಗೆ ಇನ್ನೂ ಮೂರು ವಾರಗಳಿರುತ್ತವೆ. ವರ್ತಕ ಬಾಂಧವರು ಆ ದಿನ ಅಂಗಡಿಯ ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಗಣಕಯಂತ್ರದ ಮುಂದೆ ಕುಳಿತು, ಲಕೋಟೆ ಅಂಟಿಸಿ ತಿಜೋರಿಯಲ್ಲಿಟ್ಟು, ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಏಳುವುದು ಉಚಿತ.